ಗಮ್ಮು ಹಾಕಿದ ರೋಬೋಟು

ನಾನು ಮಾಡಿರೋ ದಡ್ಡ ಕೆಲಸಗಳನ್ನೆಲ್ಲ ರೋಡಿಗೆ ತಂದು ಸಾಲಾಗಿ ನಿಲ್ಲಿಸಿದ್ರೆ ಶ್ರೀರಂಗಪಟ್ಟಣದಿಂದ ನಾಗಮಂಗಲದ ತನಕ ಒಂದು ಬಸ್ಸೂ ಅಲ್ಲಾಡಕ್ಕಾಗಲ್ಲ. ಆ ಸಾಲಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರೋದು ರೋಬೋಟಕ್ಕನ ಹತ್ರ ಇದ್ದ ಒಂದೇ ಒಂದು ರೋಬೋಟಿಗೆ ನಾನು ಗಮ್ಮು ಹಾಕಿದ್ದು. ಅವತ್ತು ನಾಕು ಬಿಗಿದಿದ್ರೆ ಒಂದು ವಾರಕ್ಕೆ ಮರೀತಿದ್ದೆ. ಯಾರೂ ಬಿಗೀಲಿಲ್ಲ.

ರೋಬೋಟಕ್ಕ ಅಂದ್ರೆ ನನಗೆ ಮೊದಲು ಕಣ್ಣಿಗೆ ಬರೋದು ಅವರ ತುರುಬು. ಬೇರೆ ಹೆಂಗಸ್ರು ಹೂವ ಮುಡಿಯೋ ಜಾಗದಲ್ಲಿ ಇವರು ಹಳದಿ ಹಿಡಿಯ ಸ್ಕ್ರೂಡ್ರೈವರ್ ಚುಚ್ಕಂತಿದ್ರು. ಮಾತಾಡ್ತಾ ಮಾತಾಡ್ತಾ ಕೈ ಹಿಂದಕ್ಕೋಗೋದು, ಅದನ್ನ ಎಳೆದ್ರೆ ಕೂದಲು ಬೆನ್ನ ಮೇಲೆ ಸುರಿಯೋದು, ಸ್ಕ್ರೂ ಬಿಚ್ಚಿದ್ಮೇಲೆ ಮತ್ತೆ ಸುತ್ತಿ ಚುಚ್ಕಳೋರು.

ಕ್ಯಾತನಹಳ್ಳಿ ಕಡೆ ಕಬ್ಬು ಬೆಳೆಯೋರ ಮನೆ ಮಗಳು. ಮೈಸೂರಲ್ಲಿ ಯಾವುದೋ ಕಾಲೇಜಲ್ಲಿ ಪಾಠ ಹೇಳ್ತಿದ್ದೋರು, ಮಗಳನ್ನ ಮನೇಲೇ ಓದಿಸ್ತೀನಿ ಅಂತ ಊರಿಗೆ ಬಂದ್ಬುಟ್ರು. ಬಂದೋರು ಸುಮ್ಮನೆ ಕೂರ್ಲಿಲ್ಲ. ನಮ್ಮ ಸುತ್ತಮುತ್ತ ಮಕ್ಕಳನ್ನ ಸ್ಕೂಲಿಗೆ ಕಳಿಸದೆ ಮನೇಲೇ ಓದಿಸೋರು ಅಲ್ಲೊಬ್ರು ಇಲ್ಲೊಬ್ರು ಅವ್ರಲ್ಲ, ಅವರನ್ನ ಹುಡುಕ್ಕಂಡು ಹೊರಟ್ರು. ಒಂದು ಭಾನುವಾರ ಪಾಂಡವಪುರ, ಒಂದು ಭಾನುವಾರ ನಾಗಮಂಗಲ, ಆಮೇಲೆ ಶ್ರೀರಂಗಪಟ್ಟಣ, ಆಮೇಲೆ ಪೇಟೆ. ಯಾರದಾದ್ರೂ ಜಗುಲಿ ಸಿಕ್ಕಿದ್ರೆ ಅದೇ ರೋಬೋಟ್ ಕ್ಲಾಸು. ಅರಳಿಕಟ್ಟೆ ಮೇಲೆ ಮೊಬೈಲ್ ಒತ್ತುತ್ತಾ ಕುಂತಿರೋ ನಮ್ಮಂಥ ಪಡ್ಡೆಗಳನ್ನೂ ಎಳ್ಕಂಡು ಬಂದು ಮಕ್ಕಳ ಜೊತೆ ಕೂರಿಸೋರು.

ನನ್ನಲ್ಲಿ ಅವರಿಗೆ ಕಂಡ ಒಂದೇ ಯೋಗ್ಯತೆ ನನ್ನ ಬೈಕು. ಡಿಪ್ಲೊಮಾದಲ್ಲಿ ನಾನು ಉಳಿಸ್ಕಂಡಿದ್ದ ಸಬ್ಜೆಕ್ಟು ಪಾಸಾಗಿದ್ದಕ್ಕಿಂತ ಜಾಸ್ತಿ. "ಪೆಟ್ಟಿಗೆ ಹೊರೋಕೆ ಬತ್ತೀಯೇನ್ಲಾ?" ಅಂದ್ರು, ಹೂಂ ಅಂದೆ. ನಮ್ಮವ್ವ ಅಷ್ಟಕ್ಕೇ ಮಗ ರೋಬೋಟ್ ಕಂಪ್ನಿ ಸೇರ್ದ ಅಂತ ಡೈರಿಗೆ ಹಾಲು ಹಾಕೋರಿಗೆಲ್ಲ ಹೇಳ್ಬುಟ್ಲು. ಪಕ್ಕದ ಮನೆ ದೊಡ್ಡಪ್ಪ ಕೇಳ್ದ, "ಅದು ಹಾಲು ಕರೀತದೇನ್ಲಾ?" ನಾನೂ ಆಳೆತ್ತರದ್ದು ಏನೋ ಇರ್ತದೆ ಅಂದ್ಕಂಡು ಇಸ್ತ್ರಿ ಶರಟು ಹಾಕ್ಕಂಡೋದೆ. ನೋಡಿದ್ರೆ ಟಿಫನ್ ಡಬ್ಬಿ ಗಾತ್ರದ್ದು. ಎರಡು ಗಾಲಿ, ಎರಡು ಮೋಟ್ರು, ಗೋಡೆ ಕಂಡ್ರೆ ನಿಂತ್ಕಳೋಕೆ ಎರಡು ಕಣ್ಣು.

ರೋಬೋಟಿನ ಬಿಡಿಭಾಗ ಇಡೋ ಪೆಟ್ಟಿಗೆ ಇದ್ದಿದ್ದು ಒಂದೇ ಆದ್ದರಿಂದ ಅಕ್ಕ ಒಂದು ಪದ್ಧತಿ ಮಾಡಿದ್ರು. ಬೆಳಗಿಂದ ಕಟ್ಟಿ, ಓಡಿಸಿ, ಕುಣಿದಾಡಿದ ಮಕ್ಕಳೇ ಸಾಯಂಕಾಲ ಅದನ್ನ ಬಿಚ್ಚಬೇಕು. ಒಂದೊಂದು ಸ್ಕ್ರೂನೂ ಅದರದರ ಗೂಡಿಗೆ ಹಾಕಿ ಮುಂದಿನ ಊರಿನ ಮಕ್ಕಳಿಗೆ ಕಳಿಸ್ಬೇಕು. ಚಿಕ್ಕವು ಬಿಕ್ಕಿ ಬಿಕ್ಕಿ ಅಳೋವು. "ಅಳಿ, ಅತ್ಕಂಡೇ ಬಿಚ್ಚಿ" ಅನ್ನೋರು. "ಬಿಚ್ಚೋಕೆ ಬರ್ದೆ ಇದ್ರೆ ಕಟ್ಟೋಕೂ ಬಂದಿಲ್ಲ ಅಂತ ಲೆಕ್ಕ."

ಪೇಟೆ ತಾಲ್ಲೂಕಲ್ಲಿ, ಗೋವಿಂದನಹಳ್ಳಿ ಹತ್ರ, ಹಸ ಸಾಕಿದ್ದೋರ ಮನೇಲಿ ಒಬ್ಬ ಹುಡುಗ ಇದ್ದ. ಮಾತು ತೊದಲೋದು. ಸ್ಕೂಲಲ್ಲಿ ಆಡ್ಕಂಡು ಆಡ್ಕಂಡು ಅವನು ಬಾಯೇ ಬಿಡದಂಗೆ ಮಾಡಿದ್ರು. ಅವನವ್ವ ಮನೇಲಿ ಇಟ್ಕಂಡು ಓದಿಸ್ತಿದ್ಲು, ಅಪ್ಪನಿಗೆ ಒಂಚೂರೂ ಮನಸ್ಸಿರ್ಲಿಲ್ಲ. ಅಕ್ಕನ ಮುಂದೇನೇ ಹೇಳ್ಬುಟ್ಟ: "ಓದಿಸ್ತೀವಿ ಅಂತೀರ, ಊರೋರು ಮಗನ್ನ ಹಸ ಕಾಯೋಕೆ ಇಟ್ಕಂಡವ್ನೆ ಅಂತ ನಗ್ತಾವ್ರೆ. ಮುಂದಿನ ಸರದೀಲಿ ನಾನೇ ಕುಂತು ನೋಡ್ತೀನಿ ಕಣಕ್ಕ. ಇವನ ಕೈಲಿ ಏನೂ ಆಗ್ಲಿಲ್ಲ ಅಂದ್ರೆ ಹಾಸ್ಟೆಲ್ಲಿಗೆ ಹಾಕ್ಬುಡ್ತೀನಿ." ತಗಡಿನ ಟ್ರಂಕು ಆಗಲೇ ತಂದು ಜಗುಲಿ ಮೇಲೆ ಇಟ್ಟಿದ್ದ. ಹುಡುಗ ಅದರ ಕಡೆ ಬೆನ್ನು ಮಾಡ್ಕಂಡೇ ಕೂರೋನು.

ಆ ಸರದಿಗೆ ಹಿಂದಿನ ಭಾನುವಾರ ಶ್ರೀರಂಗಪಟ್ಟಣದಲ್ಲಿ ಕ್ಲಾಸು. ಏನೋ ಪರೀಕ್ಷೆ ಮಾಡ್ತಾರಂತೆ, ಒಂದೆರಡು ದಿನ ಆಸ್ಪತ್ರೇಲಿರ್ಬೇಕು ಅಂತ ಅಕ್ಕ ಮೈಸೂರಿಗೋದ್ರು. ಪೆಟ್ಟಿಗೆ ನನ್ನ ಕೈಗೆ ಬಂತು. ಮಕ್ಕಳ ಅಪ್ಪ ಅವ್ವಂದಿರೆಲ್ಲ ನೋಡೋಕೆ ಕುಂತವ್ರೆ, ರೋಬೋಟಿನ ಗಾಲಿ ಕಳ್ಚಿ ಕಳ್ಚಿ ಬೀಳ್ತಾ ಅದೆ. ಅಂಗಡಿಗೆ ಓಡೋಗಿ, ಹಾಕಿದ ತಕ್ಷಣ ಹಿಡ್ಕಳೋ ಗಮ್ಮು ತಂದೆ. ಗಾಲಿಗೆ ಹಾಕ್ದೆ. ಚೆನ್ನಾಗಿ ಹಿಡೀತಲ್ಲ ಅಂತ ಸ್ಕ್ರೂಗಳಿಗೂ ಹಾಕ್ದೆ, ವೈರು ಸಿಕ್ಕಿಸೋ ಜಾಗಕ್ಕೂ ಹಾಕ್ದೆ. ದೋಸೆ ಕಾವಲಿಗೆ ಎಣ್ಣೆ ಸವರೋನಿಗೂ ಅಷ್ಟು ಧಾರಾಳ ಇರಲ್ಲ. ರೋಬೋಟು ಮದುವೆ ಗಂಡಿನಂಗೆ ಓಡಾಡ್ತು. ಚಪ್ಪಾಳೆ ಬಿತ್ತು, ನಾನು ಭಾಷಣಾನೂ ಬಿಗಿದೆ. ಸಾಯಂಕಾಲ ಮಕ್ಕಳು ಬಿಚ್ಚೋಕೆ ಕುಂತ್ರೆ ಏನೂ ಅಲ್ಲಾಡ್ಲಿಲ್ಲ. ಜಗ್ಗಿದ್ದಕ್ಕೆ ಒಂದು ಮೋಟ್ರಿನ ವೈರೂ ಕಿತ್ಕಂಡು ಬಂತು. ಅಷ್ಟೊತ್ತಿಗೆ ನನ್ನ ಹೆಬ್ಬೆಟ್ಟು ನನ್ನ ಶರಟಿಗೇ ಅಂಟ್ಕಂಡಿತ್ತು.

ಮೈಸೂರಿಂದ ಬಂದ ಅಕ್ಕ ಅದನ್ನ ತಿರುಗಿಸಿ ತಿರುಗಿಸಿ ನೋಡಿದ್ರು. "ಕಲ್ಲು ಮಾಡಿ ಕೂರಿಸ್ಬುಟ್ಟಲ್ಲೋ" ಅಂದ್ರು, ಅಷ್ಟೆ. ಹೊಸದು ತರಿಸೋಕೆ ಟೈಮಿರ್ಲಿಲ್ಲ. ಭಾನುವಾರ ಖಾಲಿ ಪೆಟ್ಟಿಗೆ ಹೊತ್ಕಂಡೇ ಆ ಹುಡುಗನ ಮನೆಗೋದ್ವು.

"ಎಲ್ಲಕ್ಕ ಮಿಶಿನ್ನು?" ಅಂದ ಅವನಪ್ಪ.

"ನೀನೇ ಕಣಪ್ಪ" ಅಂದ್ರು ಅಕ್ಕ.

ಅವನ ಹೆಗಲ ಮೇಲಿನ ಟವಲ್ ತಗಂಡು ಅವನಿಗೇ ಕಣ್ಣು ಕಟ್ಟಿದ್ರು. ಹುಡುಗನಿಗೆ, "ನಿಮ್ಮಪ್ಪ ಈಗ ರೋಬೋಟು. ಕೊಟ್ಟಿಗೆಯಿಂದ ಬಾಗಿಲ ತನಕ ಕರ್ಕಂಡು ಬಾ. ಬಾಯಲ್ಲಿ ಹೇಳ್ಬೇಕು ಅಂತೇನಿಲ್ಲ, ಎಂಗೆ ಹೇಳ್ತೀಯೋ ನೀನೇ ಮಾಡ್ಕೋ" ಅಂದ್ರು. ಹುಡುಗ ತುಂಬಾ ಹೊತ್ತು ಯೋಚ್ನೆ ಮಾಡ್ದ. ಆಮೇಲೆ ಅಪ್ಪನ ಬೆನ್ನು ತಟ್ಟಿ ಮುಂದಕ್ಕೆ ನಡೆಸ್ದ, ಎಡಭುಜ ತಟ್ಟಿ ಎಡಕ್ಕೆ, ಬಲಭುಜ ತಟ್ಟಿ ಬಲಕ್ಕೆ. ಎರಡೂ ಭುಜ ಹಿಡಿದ್ರೆ ನಿಲ್ಲಬೇಕು. ಅಡ್ಡ ನಿಲ್ಲೋ ಗೋಡೆಯ ಪಾತ್ರ ನನ್ನದು. ಆ ರೋಬೋಟು ನನ್ನ ಕಾಲು ತುಳಿದಿದ್ದು ಇವತ್ತೂ ಚಳಿಗೆ ನೋಯ್ತದೆ. ಭುಜ ಹಿಡಿಯೋದು ಒಂಚೂರು ತಡವಾಗಿ ಅಪ್ಪನ ಮಂಡಿ ಕಲ್ಲುತೊಟ್ಟಿಗೆ ಬಡೀತು.

"ಅಯ್ಯೋ, ತಪ್ಪೋಯ್ತಲ್ಲ" ಅಂದ ಅಪ್ಪ.

"ನಿಂದೇನೂ ತಪ್ಪಿಲ್ಲ, ಹೇಳ್ದಂಗೆ ನಡೆದೆ. ಹೇಳೋನು ಎಲ್ಲಿ ತಪ್ಪಿದ್ದು ಅಂತ ನೋಡ್ಕಂಡವ್ನೆ. ಇನ್ನೊಂದ್ಸಲಿ ನಡಿ" ಅಂದ್ರು ಅಕ್ಕ.

ಎರಡನೇ ಸಲ ಹುಡುಗ ತೊಟ್ಟಿಗೆ ದೂರ ಇರೋವಾಗಲೇ ಭುಜ ಹಿಡಿದ. ಬಾಗಿಲಿಗೆ ಮುಟ್ಟಿದ ಅಪ್ಪ ಟವಲ್ ಬಿಚ್ಚಿ ಮುಖ ಒರೆಸ್ಕಂಡು, ಹಸಕ್ಕೆ ಹುಲ್ಲು ಹಾಕೋಕೋದ. ಅಕ್ಕ ಕೊಟ್ಟಿಗೆ ಕಂಬ ಹಿಡ್ಕಂಡು ನಿಂತಿದ್ರು. ಬಿಸಿಲಿಗೆ ಸುಸ್ತಾಗಿರ್ಬೇಕು ಅಂದ್ಕಂಡೆ, ಬೈಕಲ್ಲಿ ಜೋಕು ಹೇಳ್ಕಂಡೇ ಕರ್ಕಂಡು ಬಂದೆ.

ಅದೇ ಕಡೇ ಕ್ಲಾಸು. ಆಸ್ಪತ್ರೆಯೋರು ಕ್ಯಾನ್ಸರ್ ಅಂದ್ಬುಟ್ರು. ತಲೇಲಿ ಕೂದಲಿಲ್ಲದಂಗಾದ ಮೇಲೆ ಸ್ಕ್ರೂಡ್ರೈವರ್ ದಿಂಬಿನ ಕೆಳಗೆ ಇಟ್ಕಳೋರು. ಹಾಸಿಗೇಲಿ ಒರಗ್ಕಂಡು ನಾನು ಗಮ್ಮು ಹಾಕಿದ್ದ ಆ ರೋಬೋಟನ್ನೇ ಮೀಟ್ತಾ ಇರೋರು. ನಾನು ಹೋದಾಗೆಲ್ಲ ಕೇಳೋದು ಒಂದೇ: "ಆ ಹುಡುಗನ್ದು ಏನಾಯ್ತು? ಹಾಸ್ಟೆಲ್ಲಿಗೆ ಕಳಿಸ್ಬುಟ್ನಾ? ನೀನೇ ಫೋನ್ ಮಾಡಿ ಕೇಳ್ಲಾ." ನಾನು ಮಾಡ್ಲಿಲ್ಲ. ಕಳಿಸ್ಬುಟ್ಟೆ ಅಂತ ಅವನಪ್ಪ ಅಂದ್ಬುಟ್ರೆ ಅದು ನನ್ನ ಗಮ್ಮಿನಿಂದಲೇ ಆದದ್ದು, ಅದನ್ನ ತಂದು ಅಕ್ಕನ ಮುಖಕ್ಕೆ ಎಂಗೆ ಹೇಳ್ಲಿ ಅಂತ ಹೆದರಿಕೆ. "ನಾಟ್ ರೀಚಬಲ್ ಅಕ್ಕ" ಅಂತಿದ್ದೆ. "ಹಸ ಫೋನ್ ನುಂಗ್ಬುಟ್ಟದಂತೆ" ಅಂತಿದ್ದೆ. ಮೊದಮೊದಲು ನಗೋರು. ಆಮೇಲಾಮೇಲೆ ಸುಮ್ಮನೆ ನನ್ನನ್ನೇ ನೋಡೋರು. ಒಂದಿನ ಬೆಳಿಗ್ಗೆ ಅವರ ಮಗಳು ಫೋನ್ ಮಾಡ್ತು. "ಅಮ್ಮ ಇಲ್ಲ ಅಣ್ಣ" ಅಂತು.

ತಿಥಿ ದಿನ ಆ ಮಗೂನೇ ರೋಬೋಟೂ ಪೆಟ್ಟಿಗೇನೂ ತಂದು ನನ್ನ ಕೈಗೆ ಕೊಡ್ತು. ಅಷ್ಟು ದಿನ ಮೀಟಿ ಮೀಟಿ ಅಕ್ಕ ಒಂದು ಗಾಲಿ ಬಿಡಿಸಿದ್ರು. ಪೆಟ್ಟಿಗೇಲಿ ಗಾಲಿ ಗೂಡಲ್ಲಿ ಅದೊಂದೇ ಕುಂತಿತ್ತು. ಅದನ್ನ ನೋಡ್ತಾ ಶಾಮಿಯಾನದ ಮೂಲೇಲಿ ಕುಂತಿದ್ದೆ. ಹುಡುಗನ ಕೈ ಹಿಡ್ಕಂಡು ಅವನಪ್ಪ ಬಂದ.

"ಹಾಸ್ಟೆಲ್ಲಿಂದ ಕರ್ಕಂಡು ಬಂದ್ರ?" ಅಂದೆ.

"ಯಾವ ಹಾಸ್ಟೆಲ್ಲು? ಅವತ್ತು ಸಾಯಂಕಾಲಾನೇ ಟ್ರಂಕಿಗೆ ಬೂಸ ತುಂಬ್ಬುಟ್ಟೆ."

"ಅಕ್ಕನಿಗೆ ಹೇಳಿದ್ರ?"

"ನೀವೇ ಫೋನ್ ಮಾಡಿ ಕೇಳ್ತೀರ ಅಂತ ಕಾದೆ ಕಣಪ್ಪ. ಮಾಡ್ಲಿಲ್ಲ. ಎಂಗೋ ಗೊತ್ತಾಗಿರ್ತದೆ ಬುಡು ಅಂತ ಸುಮ್ಕಾದೆ. ಅಕ್ಕನಿಗೆ ಗೊತ್ತಿತ್ತು ತಾನೆ?"

ಬಾಯಿ ತುಂಬ ಜೋಕು ಇಟ್ಕಂಡು ಓಡಾಡೋ ನಾನು ಗಮ್ಮಿನ ವಿಷ್ಯಾನೂ ಫೋನಿನ ವಿಷ್ಯಾನೂ ತಡವರಿಸ್ಕಂಡು ಹೇಳ್ದೆ. ಹುಡುಗ ನನ್ನ ಕೈಯಿಂದ ರೋಬೋಟು ತಗಂಡು, ಪೆಟ್ಟಿಗೇಲಿದ್ದ ಹಳದಿ ಸ್ಕ್ರೂಡ್ರೈವರ್ ಹುಡುಕಿ, ಎರಡನೇ ಗಾಲಿ ಮೀಟೋಕೆ ಶುರು ಮಾಡ್ದ. ಅವನಪ್ಪ ಅದನ್ನೇ ನೋಡ್ತಾ ಬೀಡಿ ಹಚ್ಚೋಕೋಗಿ, ಹಚ್ಚದೆ ಕಿವಿಗೆ ಸಿಕ್ಕಿಸ್ಕಂಡ. ಊಟ ಮುಗಿಸಿ ಹೊರಡೋವಾಗ ಮತ್ತೆ ನನ್ನ ಹತ್ರ ಬಂದ.

"ಭಾನುವಾರ ನಮ್ಮ ಸರದಿ. ಪೆಟ್ಟಿಗೆ ತಗಂಡು ಬಂದ್ಬುಡು. ಗಮ್ಮು ಮಾತ್ರ ತರ್ಬೇಡ ಕಣ್ಲಾ."