ಅಮ್ಮ ಕೊನೆಗೆ ಉಣ್ಣುವುದರ ವಿರುದ್ಧ

ಸಣ್ಣ ಬದಲಾವಣೆ ಮಾಡಿಕೊಳ್ಳಿ, ಬೇಗ ಆರೋಗ್ಯವಂತರಾಗಿ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ಅನುಮಾನ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದಿನಾ ಒಂದು ಉಪದೇಶ ಬಂದು ಬೀಳುತ್ತದೆ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದರೆ ವಾರದಲ್ಲಿ ಹೊಸ ಮನುಷ್ಯರಾಗುತ್ತೀರಂತೆ. ನಾನು ಕೇಳುತ್ತೇನೆ: ಹಳೆಯ ಮನುಷ್ಯರಿಗೆ ಏನಾಗಿತ್ತು? ಕುಡಿಯದವರ ಜೊತೆ ಹೋಲಿಸಿ ನೋಡಿದವರು ಯಾರು? ಉತ್ತರವಾಗಿ ಕೈಮುಗಿದ ಚಿತ್ರ ಬರುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳಿಗೆ ಇದಕ್ಕಿಂತ ಸಿಟ್ಟು ಬರಿಸುವ ಪ್ರತಿವಾದ ಇನ್ನೊಂದಿಲ್ಲ.

ಅಂಥ ನಾನೇ ನಮ್ಮ ಮನೆಯಲ್ಲಿ ಒಂದು ಸಣ್ಣ ಬದಲಾವಣೆಗಾಗಿ ಪಟ್ಟು ಹಿಡಿದು ಕೂತೆ. ಅಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ. ತಿಂಗಳು ತಿಂಗಳೂ ರಕ್ತ ಹೋಗಿ ಹೋಗಿ, ಹಪ್ಪಳ ಒಣಹಾಕಲು ಮಹಡಿ ಹತ್ತಿದರೆ ಅರ್ಧದಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂರುತ್ತಿದ್ದಳು. ಅರಸೀಕೆರೆಯಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರಮ್ಮ, ಆಪರೇಷನ್ ಆಗಲೇಬೇಕು, ಆದರೆ ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಮಾಡಲು ಆಗುವುದಿಲ್ಲ ಎಂದರು. ಹಿಮೋಗ್ಲೋಬಿನ್ ಹತ್ತು ದಾಟಬೇಕು. ಅದು ಏರದಿದ್ದರೆ ಆಪರೇಷನ್ ಇಲ್ಲ, ಆಪರೇಷನ್ ಆಗದಿದ್ದರೆ ರಕ್ತ ನಿಲ್ಲುವುದಿಲ್ಲ.

"ಆಗ್ಲೇ ಕಬ್ಬಿಣದ ಮಾತ್ರೆ ಕೊಟ್ಟಿದ್ನಲ್ಲ, ತಗೋತಿಲ್ವಾ?"

"ಒಂದಿನಾನೂ ಬಿಟ್ಟಿಲ್ಲ ಡಾಕ್ಟ್ರೇ. ಬೆಳಿಗ್ಗೆ ಕಾಫಿ ಜೊತೆ ತಗೋತೀನಿ. ಬರೀ ನೀರಲ್ಲಿ ನುಂಗಿದ್ರೆ ಹೊಟ್ಟೆ ತೊಳಸ್ತದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಒಳ್ಳೆ ಕೆಲಸ. ನೆಂಟರನ್ನ ಕರೆದು ಬಾಗಿಲು ಹಾಕ್ಕೊಂಡಂಗೆ. ಕಾಫಿ ಇದ್ರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲಮ್ಮ. ನಿಂಬೆಹಣ್ಣಿನ ನೀರಲ್ಲಿ ತಗೊಳ್ಳಿ. ಊಟ ಎಷ್ಟು ಗಂಟೆಗೆ?"

"ಎಲ್ಲಾರ್ದೂ ಆದ್ಮೇಲೆ."

"ಏನು ಉಣ್ತೀರಾ?"

"ಏನಿರುತ್ತೋ ಅದು."

ನಾನು ಸುಮ್ಮನಿರಲಾರದೆ, ಕಾಫಿ ಬಿಟ್ಟರೆ, ಊಟದ ಹೊತ್ತು ಬದಲಿಸಿದರೆ ರಕ್ತ ಏರುತ್ತದೆ ಎನ್ನುವುದಕ್ಕೆ ಆಧಾರ ಏನು ಎಂದು ಕೇಳಿದೆ. ಅವರು ನಕ್ಕರು. "ಕಬ್ಬಿಣದ ವಿಷಯಕ್ಕೆ ಆಧಾರ ನಾನು ಕೊಡ್ತೀನಿ. ನಿಮ್ಮಮ್ಮ ಕೊನೇಲಿ ಉಣ್ಣೋದಕ್ಕೆ ಆಧಾರ ನೀನು ಕೊಡು, ನೋಡಣ."

ಮನೆಗೆ ಬರುವ ದಾರಿಯುದ್ದಕ್ಕೂ ಆಧಾರ ಹುಡುಕಿದೆ. ಬಸ್ಸಾರಿನ ದಿನಗಳನ್ನೇ ನೆನೆದುಕೊಂಡೆ. ಸೊಪ್ಪು, ಕಾಳು ಬೇಯಿಸಿ ಬಸಿದ ಮೇಲೆ ಅದರ ಪಲ್ಯ ಒಂದು ಪಾತ್ರೆಗೆ, ನೀರು ಸಾರಿಗೆ. ಅಪ್ಪ ಕೊಬ್ಬರಿ ವ್ಯಾಪಾರಿ. ಮಧ್ಯಾಹ್ನ ಮಂಡಿಯಿಂದ ಯಾರನ್ನಾದರೂ ಊಟಕ್ಕೆ ಕರೆತಂದೇ ತರುತ್ತಾರೆ. ಅವರದ್ದಾಗಿ, ಅಪ್ಪನ ತಾಯಿಯಾದ ಅಜ್ಜಿಯದಾಗಿ, ನನ್ನದೂ ಆಗಿ ಅಮ್ಮ ಕೂರುವ ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ಒಗ್ಗರಣೆಯ ಮೆಣಸಿನಕಾಯಿ ಮಾತ್ರ. ಸೊಪ್ಪೂ ಕಾಳೂ ನಮಗೆ. ಬಸಿದ ನೀರು, ಯಾರಿಗೆ ರಕ್ತ ಬೇಕಿತ್ತೋ ಅವಳಿಗೆ.

ಅವತ್ತು ಮನೆಯಲ್ಲಿ ನನ್ನ ನಿಲುವು ಹೇಳಿದೆ: ಇನ್ನು ಮೇಲೆ ಅಮ್ಮ ಎಲ್ಲರ ಜೊತೆಗೇ ಕೂರಬೇಕು. ಅಜ್ಜಿ ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು.

"ಮನೆ ಹೆಂಗ್ಸು ಮೊದ್ಲು ಉಂಡ್ರೆ ಏಳ್ಗೆ ಇಲ್ಲ ಕಣೇ."

"ಇಷ್ಟು ವರ್ಷ ಕೊನೇಲಿ ಉಂಡ್ಲಲ್ಲ ಅಜ್ಜಿ, ಕೊಬ್ಬರಿ ರೇಟು ಏರ್ತಾ?"

"ಕೊಬ್ಬರಿ ರೇಟಿಗೂ ಊಟಕ್ಕೂ ಏನೇ ಸಂಬಂಧ?"

"ಅದನ್ನೇ ನಾನೂ ಕೇಳ್ತಿರೋದು."

"ನಿನ್ನ ಕಾಲೇಜಿಗೆ ಕಳ್ಸಿದ್ದೇ ತಪ್ಪಾಯ್ತು. ಬಾಯಿ ಒಂದು ಕಲ್ತು ಬಂದೆ."

ಅಪ್ಪನ ವಾದ ಇದಕ್ಕಿಂತ ಗಟ್ಟಿಯಾಗಿತ್ತು. "ಕೂರಬೇಡ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಅವಳೇ ಕೂರಲ್ಲ." ನಿಜ. ಯಾರೂ ತಡೆದಿರಲಿಲ್ಲ. ಆದರೆ ಕೂರಲು ಬಿಡುವುದು ಬೇರೆ, ಕೂರುವಂತೆ ಮಾಡುವುದು ಬೇರೆ. ಬಿಸಿ ಮುದ್ದೆ ಕೂತಲ್ಲಿಗೇ ಬರಬೇಕು, ಸಾರು ಕೇಳಿದಾಗಲೆಲ್ಲ ಬರಬೇಕು ಅನ್ನುವ ಮನೆಯಲ್ಲಿ, 'ಬೇಡ ಅಂದಿಲ್ಲ' ಎನ್ನುವುದು ಉದಾರತೆಯಲ್ಲ, ಜಾಣತನ. ಹಾಗೆಂದೇ ಹೇಳಿದೆ.

ನಿಜವಾದ ಎದುರಾಳಿ ಅಮ್ಮನೇ. "ಬಡಿಸೋರು ಯಾರೇ?"

"ಪಾತ್ರೆಗಳು ನಡುವೆ ಇರ್ತವೆ. ಎಲ್ಲಾರಿಗೂ ಕೈ ಐತೆ. ಸೌಟು ಹಿಡಿಯೋಕೆ ಲೈಸೆನ್ಸ್ ಬೇಕಾ?"

ಮೊದಲ ದಿನ ಅವಳು ಒಂದು ಮಂಡಿ ಮೇಲೆತ್ತಿಕೊಂಡೇ ಕೂತಳು, ಬಸ್ಸು ಬಂದ ತಕ್ಷಣ ಏಳಬೇಕಾದವಳ ಹಾಗೆ. ಅಪ್ಪನ ತಟ್ಟೆ ಬರಿದಾದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು, ನಾನು ಸೆರಗು ಹಿಡಿದು ಕೂರಿಸುತ್ತಿದ್ದೆ. ಮಾತ್ರೆ ಕಾಫಿಯಿಂದ ನಿಂಬೆ ನೀರಿಗೆ ಬದಲಾಯಿತು. ಕುಟುಂಬದ ಗುಂಪಿನಲ್ಲಿ ಅದು ಹೇಗೋ ಗೊತ್ತಾಗಿ, "ನೋಡಿದ್ಯಾ, ನಿಂಬೆಹಣ್ಣು!" ಎಂದು ವಿಜಯೋತ್ಸವ ನಡೆಯಿತು. ನಿಂಬೆಹಣ್ಣು ಮಾತ್ರೆಗೆ ಸಹಾಯ ಮಾಡುತ್ತದೆ, ಮಾತ್ರೆಯ ಬದಲಿಗೆ ಬರುವುದಿಲ್ಲ ಎಂದು ಬರೆದೆ. ಕೈಮುಗಿದ ಚಿತ್ರ ಬಂತು.

ಸೋಮವಾರದ ವಾದದಲ್ಲಿ ಮಾತ್ರ ಸೋತೆ. ಅವತ್ತು ಅಮ್ಮನದು ಒಪ್ಪತ್ತು, ಒಂದೇ ಹೊತ್ತಿನ ಊಟ. "ಅದು ನಂದೂ ಶಿವಂದೂ, ನೀನ್ಯಾರು ಮಧ್ಯೆ?" ಎಂದಳು. ಆ ಒಂದು ಹೊತ್ತಾದರೂ ನಮ್ಮ ಜೊತೆ ಉಣ್ಣು ಎನ್ನುವಲ್ಲಿಗೆ ರಾಜಿಯಾಯಿತು.

ಅಷ್ಟರಲ್ಲಿ ಹಳೇಬೀಡಿನಲ್ಲಿರುವ ಅತ್ತೆಯ, ಅಂದರೆ ಅಪ್ಪನ ತಂಗಿಯ, ಹೊಸ ಮನೆಯ ಗೃಹಪ್ರವೇಶ ಬಂತು. ಅಪ್ಪ ಮುಂಚೆಯೇ ಹೋಗಿದ್ದರು. ಅಮ್ಮ, ನಾನು ಜಾವಗಲ್ ಮೇಲೆ ಬಸ್ಸಿನಲ್ಲಿ ಹೋದೆವು. ಶಾಮಿಯಾನದ ಕೆಳಗೆ ಮೊದಲ ಪಂಕ್ತಿಗೆ ಎಲೆ ಹಾಕಿದ್ದರು, ಗಂಡಸರು ಕೂರುತ್ತಿದ್ದರು. ನಾನು ಅಮ್ಮನ ಕೈಹಿಡಿದು ತಂದು ಕೊನೆಯ ಎಲೆಯ ಮುಂದೆ ಕೂರಿಸಿದೆ. ಅತ್ತೆ ಕೋಸಂಬರಿ ಬಟ್ಟಲು ಹಿಡಿದುಕೊಂಡೇ ನಿಂತರು.

"ಏನತ್ತಿಗೆ, ಅಷ್ಟೊಂದು ಹಸಿವಾ? ಅರಸೀಕೆರೇಲಿ ಊಟ ಹಾಕಲ್ವಾ ನಮ್ಮಣ್ಣ?"

ಹೆಂಗಸರೆಲ್ಲ ನಕ್ಕರು. "ಡಾಕ್ಟ್ರು ಹೇಳವ್ರೆ" ಎಂದು ನಾನು ಶುರುಮಾಡುವ ಹೊತ್ತಿಗೆ ಅಮ್ಮ ಎದ್ದು ಹೋಗಿದ್ದಳು. ಅವತ್ತು ಅವಳು ಎಲ್ಲರಿಗಿಂತ ಕೊನೆಗೆ ಉಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನೀನು ಗೆಲ್ಲೋಕೆ ನನ್ನ ಕೂರಿಸ್ಬೇಡ."

ಗಡ್ಡೆ ನನ್ನ ಸೋಲು ಗೆಲುವಿಗೆ ಕಾಯುವುದಿಲ್ಲವಲ್ಲ. ಮರುದಿನ ಮಧ್ಯಾಹ್ನ ಪಾತ್ರೆಗಳನ್ನು ನಡುವೆ ಇಟ್ಟು ಅವಳ ತಟ್ಟೆ ಹಾಕಿದೆ. ಸೆರಗು ಹಿಡಿಯಲಿಲ್ಲ. ಸ್ವಲ್ಪ ಹೊತ್ತು ಒಲೆಯ ಬಳಿ ನಿಂತಿದ್ದು ಬಂದು ಕೂತಳು.

ಮುಂದಿನ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಹತ್ತು ದಾಟಿತ್ತು. ಶ್ರೇಯಸ್ಸಿಗೆ ಜನ ಸಾಲುಗಟ್ಟಿದರು. ಮಠಕ್ಕೆ ಹೊತ್ತ ಹರಕೆ ಎಂದರು ಅಜ್ಜಿ. ತಾನು ಕಳಿಸಿದ ಖರ್ಜೂರ ಎಂದರು ಅತ್ತೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಾನೂ ಏನನ್ನೂ ಸಾಬೀತು ಮಾಡಲಾರೆ. ಕಾಫಿ, ನಿಂಬೆ, ಸೊಪ್ಪು, ಊಟದ ಸರದಿ ಎಲ್ಲವನ್ನೂ ಒಟ್ಟಿಗೇ ಬದಲಿಸಿದ ಮೇಲೆ ಯಾವುದರಿಂದ ಎಷ್ಟಾಯಿತು ಎಂದು ಹೇಗೆ ಹೇಳುವುದು? ಎದುರಾಳಿ ಇದನ್ನು ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ಆದರೆ ಯಾರೂ ಕೇಳಲಿಲ್ಲ, ಯಾಕೆಂದರೆ ಯಾರಿಗೂ ಆಧಾರ ಬೇಕಿರಲಿಲ್ಲ. ಆಪರೇಷನ್ ಆಯಿತು. ಅಮ್ಮ ಚೇತರಿಸಿಕೊಂಡಳು, ಒಲೆಯ ಮುಂದೆ ಮತ್ತೆ ನಿಂತಳು.

ಒಂದು ಮಧ್ಯಾಹ್ನ ಅಪ್ಪನ ಜೊತೆ ಮಂಡಿಯಿಂದ ಇಬ್ಬರು ಊಟಕ್ಕೆ ಬಂದರು. ಅಜ್ಜಿ ಸಮಾಧಾನದ ದನಿಯಲ್ಲಿ, "ರಕ್ತ ಬಂತಲ್ಲಮ್ಮ, ಕಾಯಿಲೇನೂ ಹೋಯ್ತು. ಇವ್ರಿಗೆ ಬಡಿಸ್ಬಿಡು, ಆಮೇಲೆ ನೀನು ಮಾಮೂಲಿನಂಗೆ" ಎಂದರು.

ಇದಕ್ಕೇ ನಾನು ಹೆದರಿದ್ದು. ಆ ಜಾಗ ಅವಳಿಗೆ ಔಷಧಿ ಅಂತ ಕೊಟ್ಟಿದ್ದರು, ಕಾಯಿಲೆ ವಾಸಿಯಾದರೆ ವಾಪಸು ಕೇಳುತ್ತಾರೆ. ನನ್ನ ಪ್ರತಿವಾದ ನಾಲಿಗೆ ತುದಿಯಲ್ಲಿತ್ತು. ಬಾಯಿ ತೆರೆಯುವ ಮುಂಚೆ ಅಮ್ಮ ಸಾರಿನ ಪಾತ್ರೆ ತಂದು ನಡುವೆ ಇಟ್ಟಳು, ತಟ್ಟೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು.

"ಎಲ್ಲಾ ಇಲ್ಲೇ ಐತೆ. ಹಾಕ್ಕೊಳ್ಳಿ, ನಾಚ್ಕೋಬೇಡಿ" ಎಂದು ಬಂದವರಿಗೆ ಹೇಳಿದಳು.

"ಮಗಳು ಹೇಳಿಕೊಟ್ಟಿದ್ದಾ ಇದು?" ಅಂದರು ಅಜ್ಜಿ.

"ಅವಳು ರಕ್ತಕ್ಕೋಸ್ಕರ ಅಂದ್ಲು. ನಂಗೆ ಬಿಸಿ ಊಟ ರುಚಿ ಅನ್ಸ್ತು ಅತ್ತೆ" ಎಂದು ಅಮ್ಮ ಮುದ್ದೆ ಮುರಿದಳು.

ಬಂದವರಲ್ಲಿ ಒಬ್ಬರು ಅಪ್ಪನ ಮುಖ ನೋಡಿ, ಆಮೇಲೆ ಸೌಟಿಗೆ ಕೈ ಹಾಕಿದರು.