ಎಡಗಾಲಿನ ಶೂ

ಅವರ ಬಲಗಾಲಿನ ಶೂ ಬೆರಳು ಮಡಚುವಲ್ಲಿ ನೆರಿಗೆಗಟ್ಟಿತ್ತು. ಎಡಗಾಲಿನದು ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ನಯ. ಆ ಪಾದ ಅವರದಲ್ಲ. ಸೈನ್ಯದಲ್ಲಿ ನೆಲಬಾಂಬು ತೆಗೆಯುವಾಗ ಸ್ವಂತದ್ದನ್ನು ಕಳೆದುಕೊಂಡಿದ್ದರು. ಆದರೂ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಎರಡಕ್ಕೂ ಒಂದೇ ಸಮ ಪಾಲಿಶ್ ಹಾಕುತ್ತಿದ್ದರು. ಕೊಪ್ಪಳದ ನಮ್ಮ ಓಣಿಯಲ್ಲಿ ಎದುರುಮನೆಯವರು. ಎಲ್ಲರ ಬಾಯಲ್ಲೂ ಮಿಲಿಟರಿ ಸಾಹೇಬರು.

"ಆ ಕಾಲಿಗ್ಯಾಕ್ರಿ ಅಷ್ಟು ಪಾಲಿಶ್?" ಎಂದು ಒಮ್ಮೆ ತಮಾಷೆಗೆ ಕೇಳಿದ್ದೆ.

"ಅದೂ ಡ್ಯೂಟಿ ಮಾಡತೈತಲ್ರಿ ಟೀಚರ್!"

ಪೆನ್ಷನ್ ತೆಗೆದುಕೊಂಡು ಆರಾಮಾಗಿ ಇರಬಹುದಿತ್ತು. ಅಂಥ ಜೀವ ಅಲ್ಲ. ಹಿತ್ತಲ ಶೆಡ್ಡಿನಲ್ಲಿ ಕೃತಕ ಕಾಲು ಮಾಡುವ ವರ್ಕ್‌ಶಾಪ್ ತೆರೆದರು. ಕುಷ್ಟಗಿ, ಯಲಬುರ್ಗಾ ಕಡೆಯ ಜನ ಯಾರದೋ ಹೆಗಲು ಹಿಡಿದು ಬಂದವರು, ತಾವೇ ನಡೆದು ಹೋಗುತ್ತಿದ್ದರು. ಬಸ್ಸಿನ ಮೆಟ್ಟಿಲು ಎತ್ತರ, ಆಫೀಸು ಮಹಡಿಯ ಮೇಲೆ ಎಂಬ ಅವರ ಗೋಳು ಕೇಳಿ ಕೇಳಿಯೇ ಸಾಹೇಬರು ಒಂದು ಪಕ್ಷ ಕಟ್ಟಿದರು. ಪಾರ್ಟಿ ಆಫೀಸೂ ಅದೇ ಶೆಡ್ಡು. ಟಿಕೆಟ್ ಕೇಳಲು ಬಂದವರು ಸಾಲಾಗಿ ತೂಗುವ ಕಾಲುಗಳ ಕೆಳಗೆ ಕೂತು ಬೆವರಬೇಕಿತ್ತು. ಗಂಗಾವತಿಯಿಂದ ಪಾದಯಾತ್ರೆ ಹೊರಟಾಗ ಕಾರ್ಯಕರ್ತರು ಜೀಪು ತಂದರೆ, "ಎರಡು ಕಾಲಿದ್ದೋರು ಹತ್ರಿ, ಪಾಪ, ಎರಡೂ ದಣೀತಾವ. ನಂದು ದಣಿಯೋದು ಒಂದ" ಎಂದರಂತೆ.

ಸಕ್ಕರೆ ಕಾಯಿಲೆ ನನ್ನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದುಕೊಂಡಿತು. ಕಾನ್ವೆಂಟಿನಲ್ಲಿ ಕಲಿತು, ಜೀವಮಾನವಿಡೀ ಮಕ್ಕಳಿಗೆ "ಸ್ಟ್ಯಾಂಡ್ ಸ್ಟ್ರೇಟ್" ಎಂದವಳು ನಾನು. ಸೀರೆಯ ಕೆಳಗೆ ಕಪ್ಪು ಶೂ ಹಾಕಿಕೊಂಡು ಓಣಿಯ ಮುಂದೆ ಕುಂಟುವುದೇ? ನೋ, ಥ್ಯಾಂಕ್ ಯೂ. ಸಾಹೇಬರು ಅಳತೆ ತೆಗೆದು ಮಾಡಿಕೊಟ್ಟ ಕಾಲು ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯಿತು, ಹೊಸ್ತಿಲು ದಾಟಲಿಲ್ಲ.

ಆಗ ಜಿಲ್ಲೆಯಲ್ಲಿದ್ದ ನಾಲ್ಕೂ ತಾಲ್ಲೂಕಿನಲ್ಲಿ ಅವರ ಪಕ್ಷ ಅಭ್ಯರ್ಥಿಗಳನ್ನು ನಿಲ್ಲಿಸಿದ್ದ ಚುನಾವಣೆ. ಮತದಾನದ ದಿನ ನೋಡಿದರೆ ಪಕ್ಷದ ಅಧ್ಯಕ್ಷರು ನನ್ನ ಬಾಗಿಲಲ್ಲಿ!

"ನಡೀರಿ ಟೀಚರ್, ವೋಟ್ ಹಾಕಾಕ."

"ನಿಮ್ಮ ಪಾರ್ಟಿಗೆ ನಾ ಎಂದೂ ಹಾಕಿಲ್ರಿ. ಈಗಲೂ ಪ್ರಾಮಿಸ್ ಮಾಡಂಗಿಲ್ಲ."

"ಯಾರಿಗರ ಹಾಕ್ರಿ. ಮೊದಲ ಏಳ್ರಿ."

ಅಷ್ಟರಲ್ಲಿ ಅವರ ಫೋನು. "ಸಿದ್ದಾಪುರದ ಬೂತ್ ನೀವ ನೋಡ್ಕೊಳ್ರಿ, ನಾ ಡ್ಯೂಟಿ ಮ್ಯಾಲೆ ಅದೀನಿ" ಎಂದವರೇ ಆಫ್ ಮಾಡಿ ಜೇಬಿಗಿಟ್ಟರು.

ಕಾಲು ಕಟ್ಟಿಕೊಂಡು, ಅವರ ತೋಳು ಹಿಡಿದು ಓಣಿ ದಾಟಿದೆ. ಮತಗಟ್ಟೆಯಿದ್ದ ಶಾಲೆಯ ಮುಂದೆ ಸುಣ್ಣದ ಗೆರೆ. ಪ್ರಚಾರದವರು ಅದರಾಚೆ ಬರುವಂತಿಲ್ಲ. ಸಾಹೇಬರು ಮೆಲ್ಲಗೆ ತೋಳು ಬಿಡಿಸಿಕೊಂಡರು.

"ಇಲ್ಲಿಂದ ನಾ ಬರಂಗಿಲ್ರಿ, ಕಾಯ್ದೆ ಐತಿ."

"ಬಿದ್ರ?"

"ಬಿದ್ರ ಏಳ್ರಿ. ನಾ ಇಲ್ಲೇ ನಿಂತಿರ್ತೀನಿ."

ಮೈ ಗಾಡ್, ಆ ಅಂಗಳ ಎಷ್ಟು ದೊಡ್ಡದಿತ್ತು! ಇಡೀ ಕ್ಯೂ ನನ್ನನ್ನೇ ನೋಡುತ್ತಿತ್ತು. ಗೋಡೆ ಇಲ್ಲ, ತೋಳಿಲ್ಲ. ನಡೆದೆ. ಬೀಳಲಿಲ್ಲ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮರಳಿದಾಗ ಅವರು ಗೆರೆಯ ಆಚೆ ಅಟೆನ್ಷನ್‌ನಲ್ಲಿ ನಿಂತಿದ್ದರು, ಬಿಸಿಲಲ್ಲಿ. ಯಾರಿಗೆ ಹಾಕಿದೆ ಎಂದು ಆಗಲೂ ಕೇಳಲಿಲ್ಲ, ಪಕ್ಷ ಸೋತ ಮೇಲೂ ಕೇಳಲಿಲ್ಲ.

ಹೋದ ವರ್ಷ ಸಾಹೇಬರು ತೀರಿಕೊಂಡರು. ಅಂತಿಮಯಾತ್ರೆಯ ಗಾಡಿ ತುಸು ಜೋರಾದಾಗ ಯಾರೋ ಕೂಗಿದರು: "ಸಾವಕಾಶ ಹೊಡಿಯಪ್ಪಾ, ಹಿಂದ ಅವರು ಮಾಡಿದ ಕಾಲು ಬರಾಕತ್ತಾವ!"

ನಾಲ್ಕೂ ತಾಲ್ಲೂಕಿನ ಕಾಲುಗಳು. ಅವುಗಳ ನಡುವೆ ಕೊನೆಯವರೆಗೂ ನನ್ನದೂ ನಡೆಯಿತು. ಅಂದು ಮನೆಯಿಂದ ಹೊರಡುವ ಮೊದಲು ಕಟ್ಟೆಯ ಮೇಲೆ ಕೂತು ನನ್ನ ಎರಡೂ ಶೂಗಳಿಗೆ ಒಂದೇ ಸಮ ಪಾಲಿಶ್ ಹಾಕಿದ್ದೆ.