ಸಣ್ಣ ಅಳಿಯನ ಸೈಲೆನ್ಸರ್

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಕಾರಿನ ಸೈಲೆನ್ಸರ್ ಬದಲಿಸಿಕೊಂಡ ಮೇಲೆ ನನ್ನ ನೆಮ್ಮದಿ ಹಾಳಾಯಿತು. ಸದ್ದು ಅಡಗಿಸಲೆಂದೇ ಮಾಡಿದ ಸಾಮಾನು ಅದು. ಅದನ್ನು ಕಿತ್ತು, ಸದ್ದು ಹೆಚ್ಚಾಗಲೆಂದು ಇನ್ನೊಂದನ್ನು ಕೂಡಿಸಿಕೊಂಡವನನ್ನು ಕಂಡರೆ ನಗು ಬರಬೇಕಿತ್ತು. ನನಗೆ ಹೊಟ್ಟೆ ಉರಿಯಿತು.

ಕಾರಣ ಮೂಡಲಗಿಯಲ್ಲಿರುವ ನಮ್ಮಿಬ್ಬರ ಮಾವನ ಮನೆ. ನಾನು ಹಿರಿಯ ಅಳಿಯ, ಹುಕ್ಕೇರಿಯವನು. ಅವನು ಕಿರಿಯ, ಗೋಕಾಕದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅವನ ಕಾರು ಓಣಿಯ ಆ ತುದಿಯಲ್ಲಿ ಗುಡುಗಿದರೆ ಸಾಕು, ಅತ್ತೆ ಒಳಗಿನಿಂದಲೇ, "ಸಣ್ಣ ಅಳಿಯಂದ್ರು ಬಂದ್ರು" ಎಂದು ಚಹಾಕ್ಕೆ ಇಟ್ಟುಬಿಡುತ್ತಿದ್ದರು. ಅವನು ಚಪ್ಪಲಿ ಬಿಟ್ಟು ಕೂರುವಷ್ಟರಲ್ಲಿ ಕಪ್ಪು ಕೈಗೆ ಬರುತ್ತಿತ್ತು. ನನ್ನ ಕಾರು ಬೆಕ್ಕಿನ ಹಾಗೆ ಬಂದು ನಿಲ್ಲುವಂಥದ್ದು. ನಾನು ಪಡಸಾಲೆಯಲ್ಲಿ ಕೂತು, ಕೆಮ್ಮಿ, ಪೇಪರು ತಿರುವಿ, ಮತ್ತೊಮ್ಮೆ ಕೆಮ್ಮಿದ ಮೇಲೆ ಅತ್ತೆ ಇಣುಕುತ್ತಿದ್ದರು.

"ಅಯ್ಯ, ಯಾವಾಗ ಬಂದ್ರಿ? ಗೊತ್ತ ಆಗ್ಲಿಲ್ಲ ನೋಡ್ರಿ."

ಹಿರಿಯ ಅಳಿಯ ಬಂದದ್ದು ಗೊತ್ತೇ ಆಗುವುದಿಲ್ಲ ಎಂದರೆ ಏನರ್ಥ? ಹೆಂಡತಿಯ ಮುಂದೆ ಗೊಣಗಿದರೆ ಅವಳು, "ಒಂದ ಕಪ್ ಚಾಕ್ಕೂ ಹೊಟ್ಟಿಕಿಚ್ಚ ಏನ್ರಿ?" ಎಂದು ನಕ್ಕಳು. ಅದು ಚಹಾದ ಮಾತಲ್ಲ, ಮರ್ಯಾದೆಯ ಮಾತು ಎಂದೆ. ಅವಳು ಇನ್ನಷ್ಟು ನಕ್ಕಳು.

ಒಂದು ರವಿವಾರ ಮನೆಯಲ್ಲಿ ಹೇಳದೆ ಗೋಕಾಕಕ್ಕೆ ಹೋಗಿ ಒಂದು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದೆ. ಮಿಸ್ತ್ರಿ ಕಾರಿನ ಕೆಳಗೆ ತೂರಿ ನೋಡಿ ಬಂದು ಕೇಳಿದ. "ಆವಾಜ ಎಂಥಾದ್ದ ಬೇಕ್ರಿ ಸರ್? ಮೊನ್ನೆ ಗೊಬ್ಬರದಂಗಡಿ ಸಾವ್ಕಾರ್ರ ಗಾಡಿಗೆ ಹಾಕೇವಿ, ಹಂತಾದ್ದ ಆದ್ರ ನಡೀತೈತೇನ್ರಿ?"

ಬೇಡ, ಬೇರೆ ಥರದ್ದು ಹಾಕು ಎನ್ನುವಷ್ಟು ಸ್ವಾಭಿಮಾನ ಇರಬೇಕಿತ್ತು. "ಹಂತಾದ್ದ ಹಾಕ್ರಿ. ಒಂದ ಚೂರ ಹೆಚ್ಚಿರ್ಲಿ" ಎಂದೆ.

ಹಳೆಯದನ್ನು ಕೊಯ್ದು ತೆಗೆದು, ಹೊಸದನ್ನು ವೆಲ್ಡಿಂಗ್ ಮಾಡಿ ಕೊಟ್ಟ. ಅಲ್ಲಿಂದ ಸೀದಾ ಮೂಡಲಗಿಯ ಕಡೆ ಹೊರಟೆ. ಅರಭಾವಿಯಲ್ಲಿ ಬಸ್ಸಿಗೆ ನಿಂತ ಕಾಲೇಜಿನವರು ತಿರುಗಿ ನೋಡಿದರು. ನನ್ನ ವಯಸ್ಸಿಗೆ ಅದು ಶೋಭೆಯಲ್ಲ, ಆದರೂ ಹಿತವಾಯಿತು. ಮಾವನ ಓಣಿಯ ತುದಿಯಲ್ಲಿ ಕಾರು ನಿಲ್ಲಿಸಿ, ಎಕ್ಸಲರೇಟರನ್ನು ಎರಡು ಸಲ ಜೋರಾಗಿ ತುಳಿದು, ಆಮೇಲೆ ಮನೆ ಮುಂದೆ ಹೋದೆ.

ಒಳಗಿನಿಂದ ಅತ್ತೆಯ ದನಿ ಕೇಳಿಸಿತು. "ಸಣ್ಣ ಅಳಿಯಂದ್ರು ಬಂದ್ರು."

ನಾನು ಕೂರುವಷ್ಟರಲ್ಲಿ ಅತ್ತೆ ಕಪ್ಪು ಹಿಡಿದು ಬಂದೇಬಿಟ್ಟರು. ನನ್ನನ್ನು ನೋಡಿ ಚಾಚಿದ ಕೈ ಹಿಂದಕ್ಕೆ ತಗೊಂಡರು.

"ನೀವೇನ್ರಿ? ತಡೀರಿ, ಬ್ಯಾರೆ ತರ್ತೀನಿ. ಇದು ಅವ್ರ ಚಾ."

ಆ ಮಾತು ನನಗೆ ಚುಚ್ಚಿತು. "ಇರ್ಲಿ ಕೊಡ್ರಿ ಅತ್ತಿ" ಎಂದು ಕಸಿದುಕೊಂಡ ಹಾಗೇ ಇಸಿದುಕೊಂಡು ಒಂದು ಗುಟುಕು ಕುಡಿದೆ. ಸಕ್ಕರೆಯ ಸುಳಿವಿಲ್ಲ.

ಅತ್ತೆ ದನಿ ತಗ್ಗಿಸಿದರು. "ಅವ್ರಿಗೆ ಸಕ್ರಿ ಬ್ಯಾನಿ ಆಗೇತ್ರಿ. ಯಾರ ಮುಂದೂ ಹೇಳಬ್ಯಾಡ್ರಿ ಅಂದಾರ. ನಮ್ಮ ಮನ್ಯಾಗ ಸಕ್ರಿ ಹಾಕೇ ಚಾ ಕುದಸ್ತೀವಿ. ಅದಕ್ಕ ಗಾಡಿ ಸಪ್ಪಳ ಕೇಳಿದ ಕೂಡ್ಲೇ ಅವ್ರದ ಬ್ಯಾರೆ ಇಡ್ತೀನಿ. ನಿಮಗೇನ್ರಿ, ಎಲ್ಲಾರ್ದಾಗ ಒಂದ ಕಪ್ ಸೋಸಿದ್ರ ಆತು."

ಪಾಪ ಅನ್ನಿಸಬೇಕಿತ್ತು. ನನಗಿಂತ ಐದಾರು ವರ್ಷ ಚಿಕ್ಕವನು, ಗುಟ್ಟಾಗಿ ಸಪ್ಪೆ ಚಹಾ ಕುಡಿಯುತ್ತಿದ್ದ. ಆದರೆ ನನ್ನ ಮನಸ್ಸು ಹಿಡಿದದ್ದು ಬೇರೆ ಮಾತನ್ನು. ಅವನು ತನ್ನ ಕಷ್ಟವನ್ನು ಅತ್ತೆಯ ಹತ್ತಿರ ಹೇಳಿಕೊಂಡಿದ್ದ. ಅತ್ತೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓಣಿಯ ಸದ್ದಿಗೆ ಕಿವಿ ಕೊಟ್ಟು ಇರುತ್ತಿದ್ದರು. ನಾನು ಎಲ್ಲರ ಪಾತ್ರೆಯಲ್ಲಿ ಒಂದು ಕಪ್ಪು.

ಕಪ್ಪು ಖಾಲಿ ಮಾಡಿ ಕೆಳಗಿಟ್ಟೆ. "ಇನ್ನ ಮ್ಯಾಲೆ ನನಗೂ ಹಿಂತಾದ್ದ ಮಾಡ್ರಿ ಅತ್ತಿ" ಎಂದೆ.

ಅಳಿಯಂದಿರ ಎದುರು ಎಂದೂ ಕೂರದ ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. ನನ್ನ ಮುಖವನ್ನೇ ನೋಡುತ್ತ, "ಯಪ್ಪಾ, ನಿಮಗೂ ಬಂತೇನ್ರಿ?" ಎಂದರು.

ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಇಲ್ಲ ಅನ್ನಬೇಕಿತ್ತು. ತಲೆ ತಗ್ಗಿಸಿ ಸುಮ್ಮನೆ ಕೂತೆ.